ಹದಿನೈದು ಕಿಲೋಮೀಟರ್ ವೃತ್ತದೊಳಗೆ ಐದು ದಿನ

ನಮ್ಮ ಮನೆಯಲ್ಲಿರುವ ಭೂಪಟದಲ್ಲಿ ಒಂದು ಕಿಲೋಮೀಟರಿಗೆ ಎರಡು ಸೆಂಟಿಮೀಟರ್ ಲೆಕ್ಕ. ಮೂವತ್ತು ಸೆಂಟಿಮೀಟರ್ ದಾರ ಅಳೆದು, ಒಂದು ತುದಿಯನ್ನು ಮನೆಯ ಚುಕ್ಕಿಯ ಮೇಲೆ ಹೆಬ್ಬೆರಳಿನಿಂದ ಒತ್ತಿ, ಇನ್ನೊಂದಕ್ಕೆ ಪೆನ್ಸಿಲ್ ಕಟ್ಟಿ ಸುತ್ತಿಸಿದೆ. ರಜೆಗೆ ಬಂದಿದ್ದ ಅಕ್ಕನ ಮಗಳು ಪಕ್ಕದಲ್ಲೇ ಕೂತು ನೋಡುತ್ತಿದ್ದಳು.

"ಐದು ದಿನಾನೂ ಇದರೊಳಗೇನಾ ಚಿಕ್ಕಮ್ಮಾ?"

"ಇದರೊಳಗೇ. ಹಗಲು ಸೈಕಲ್ಲಲ್ಲಿ ಸುತ್ತೋದು, ರಾತ್ರಿ ಮನೆಗೆ ಬಂದು ಮಲಗೋದು."

ಅವಳ ಮುಖ ಸಪ್ಪಗಾಯಿತು. ಬೆಟ್ಟದ ಊರು, ಸಮುದ್ರದ ದಂಡೆ ಎಂದೆಲ್ಲ ಎಣಿಸಿಕೊಂಡು ಬಂದಿದ್ದಳು. ಹದಿನೈದು ಕಿ.ಮೀ. ತ್ರಿಜ್ಯದ ವೃತ್ತ ಎಂದರೆ ಸುಮಾರು 707 ಚದರ ಕಿ.ಮೀ. ನೆಲ. ನಾನು ಇಲ್ಲಿ ನೆಲೆಸಿ ಇಪ್ಪತ್ತು ವರ್ಷವಾದರೂ ಅದರಲ್ಲಿ ಕಂಡಿರುವುದು ಬಸ್ಸು ಹೋಗುವ ನಾಲ್ಕೈದು ಗೆರೆ ಮಾತ್ರ. ಮಾತಿಗಿಂತ ರಸ್ತೆಯೇ ಇದನ್ನು ಅವಳಿಗೆ ತೋರಿಸಲಿ ಎಂದು ಸುಮ್ಮನಾದೆ.

ಸಂಜೆ ಇಬ್ಬರ ಸೈಕಲ್ಲನ್ನೂ ಹೊರಗೆ ನಿಲ್ಲಿಸಿ ನೋಡಿದೆವು. ಅವಳ ಸೀಟು ತೀರಾ ಕೆಳಗಿತ್ತು. ಸರಿಯಾದ ಎತ್ತರ ಕಂಡುಕೊಳ್ಳಲು ಅಳತೆಪಟ್ಟಿ ಬೇಕಿಲ್ಲ. ಸೀಟಿನ ಮೇಲೆ ಕೂತು, ಪೆಡಲನ್ನು ಅತಿ ಕೆಳಗೆ ತಂದು, ಅದರ ಮೇಲೆ ಹಿಮ್ಮಡಿ ಇಟ್ಟಾಗ ಮಂಡಿ ನೆಟ್ಟಗಾಗಬೇಕು. ಆಮೇಲೆ ಪಾದದ ಮುಂಭಾಗದಿಂದ ತುಳಿದರೆ ಮಂಡಿಯಲ್ಲಿ ತಕ್ಕಷ್ಟು ಬಾಗು ತಾನಾಗಿ ಉಳಿಯುತ್ತದೆ. ಮೂರು ಬೆರಳಿನಷ್ಟು ಏರಿಸಿದೆ.

"ನೆಲಕ್ಕೆ ಕಾಲೇ ಸಿಗ್ತಿಲ್ಲ!"

"ನಿಲ್ಲೋವಾಗ ಸೀಟಿನಿಂದ ಮುಂದಕ್ಕೆ ಇಳೀಬೇಕು ಪುಟ್ಟೀ. ಸೀಟು ಇರೋದು ತುಳಿಯೋದಕ್ಕೆ."

ಕತ್ತಲಾಗುವ ತನಕ ಓಣಿಯಲ್ಲಿ ಹತ್ತು ಸಲ ಹತ್ತಿದಳು, ಹತ್ತು ಸಲ ಇಳಿದಳು. ಆ ಹತ್ತು ಸಲದ ಅಭ್ಯಾಸ ಮುಂದಿನ ಐದು ದಿನ ಅವಳ ಮಂಡಿಯನ್ನು ಕಾಯಿತು.

ಮೊದಲ ದಿನ

ಬೆಳಿಗ್ಗೆ ಆರಕ್ಕೆ ಹೊರಟೆವು. ಹೆದ್ದಾರಿ ಬಂದ ಮೇಲೆ ಪಕ್ಕಕ್ಕೆ ಸರಿದುಹೋದ ಹಳೇ ರಸ್ತೆ. ಡಾಂಬರು ಅಲ್ಲಲ್ಲಿ ಕಿತ್ತು ಬಂದಿದ್ದರೂ ವಾಹನ ಕಡಿಮೆ. ಹನ್ನೆರಡು ಕಿ.ಮೀ. ಹೋಗಿ, ಅದೇ ದಾರಿಯಲ್ಲಿ ಮರಳುವುದು ಎಂದು ಚೀಟಿಯಲ್ಲಿ ಬರೆದಿಟ್ಟಿದ್ದೆ.

ಅವಳು ರಸ್ತೆಯ ತೀರಾ ಅಂಚಿಗೆ ಅಂಟಿಕೊಂಡು ಹೋಗುತ್ತಿದ್ದಳು. ಹೊಸಬರೆಲ್ಲ ಹಾಗೆಯೇ, ಅಂಚೇ ಕ್ಷೇಮ ಎಂದುಕೊಳ್ಳುತ್ತಾರೆ. ಗಾಜಿನ ಚೂರು, ಸಡಿಲ ಜಲ್ಲಿ, ಡಾಂಬರಿನ ಒಡಕು ಎಲ್ಲ ಸೇರುವುದು ಅಲ್ಲಿಯೇ. ಗುಂಡಿ ಬಂದಾಗ ದಿಢೀರನೆ ಒಳಕ್ಕೆ ತಿರುಗಬೇಕಾಗುತ್ತದೆ, ಹಿಂದಿನಿಂದ ಬರುವವರಿಗೆ ಅದು ಮೊದಲೇ ತಿಳಿಯುವುದಿಲ್ಲ. ಅಂಚಿನಿಂದ ಒಂದು ತೋಳಿನಷ್ಟು ಒಳಗೆ, ನೇರ ಗೆರೆಯಲ್ಲಿ ಹೋದರೆ ಎಲ್ಲರಿಗೂ ನಾವು ಕಾಣುತ್ತೇವೆ. ಪಕ್ಕಕ್ಕೆ ಸರಿಯುವ ಮುಂಚೆ ಭುಜದ ಮೇಲಿಂದ ಹಿಂದೆ ನೋಡಬೇಕು, ಆಮೇಲೆ ಕೈ ತೋರಿಸಬೇಕು. ಹಿಂದೆ ನೋಡಿದಾಗ ಹ್ಯಾಂಡಲ್ಲೂ ಜೊತೆಗೆ ತಿರುಗುತ್ತದಲ್ಲ, ಅದನ್ನು ತಡೆಯುವುದನ್ನು ಖಾಲಿ ರಸ್ತೆಯಲ್ಲೇ ಕಲಿಯಬೇಕು. ಎರಡು ಕಿ.ಮೀ. ಉದ್ದಕ್ಕೂ ಅವಳ ಹಿಂದೆ ಹೋಗುತ್ತಾ "ಈಗ ನೋಡು" ಎಂದು ಕೂಗುತ್ತಿದ್ದೆ. ನನ್ನ ಒಂದು ಕೈ ಮೇಲಿರುತ್ತಿತ್ತು. ಎಷ್ಟು ಬೆರಳು ಎತ್ತಿದ್ದೇನೆಂದು ಅವಳು ಹೇಳಬೇಕು.

ಇದೇ ರಸ್ತೆಯಲ್ಲಿ ಬಸ್ಸಿನಲ್ಲಿ ನೂರಾರು ಸಲ ಹೋಗಿದ್ದೇನೆ. ಅಲ್ಲೊಂದು ಮೂರು ಕಮಾನಿನ ಕಲ್ಲಿನ ಮೋರಿ ಇದೆಯೆಂದು ಗೊತ್ತೇ ಇರಲಿಲ್ಲ. ಸೈಕಲ್ಲು ಅದರ ಮೇಲೆ ಬಂದಾಗ ಚಕ್ರದ ಸದ್ದು ಬದಲಾಯಿತು, ಕೆಳಗೆ ಟೊಳ್ಳು ಎಂದು ಕಿವಿಗೆ ಮೊದಲು ತಿಳಿಯಿತು. ನಿಂತು ಬಗ್ಗಿ ನೋಡಿದೆವು. ಕಮಾನಿನ ಕಲ್ಲುಗಳ ನಡುವೆ ಗಾರೆಯೇ ಇಲ್ಲ, ಒಂದನ್ನೊಂದು ಒತ್ತಿಕೊಂಡೇ ನಿಂತಿವೆ. ಕೆರೆ ಹತ್ತಿರವಾದಂತೆ ಹಸಿ ಮಣ್ಣಿನ ವಾಸನೆ ಬಂತು, ನೀರು ಕಂಡದ್ದು ಅದಾದ ಮೇಲೆ.

ಏಳನೆಯ ಕಿಲೋಮೀಟರಿನ ಹತ್ತಿರ ಎಡಕ್ಕೆ, ಎರಡು ನಿಲುಗಲ್ಲುಗಳ ನಡುವೆ ಒಂದು ಕಾಲುದಾರಿ ಒಳಗೆ ಹೋಗುತ್ತಿತ್ತು.

"ಇದು ಎಲ್ಲಿಗೆ ಹೋಗತ್ತೆ ಚಿಕ್ಕಮ್ಮಾ?"

"ಗೊತ್ತಿಲ್ಲ ಕಣೇ."

"ಹೋಗೋಣ್ವಾ?"

"ಇವತ್ತು ಬೇಡ."

ಚೀಟಿಯಲ್ಲಿ ಅದು ಇರಲಿಲ್ಲ, ಅಷ್ಟೇ ಕಾರಣ. ಅವಳು ಎರಡು ಸಲ ತಿರುಗಿ ನೋಡಿದಳು, ಹ್ಯಾಂಡಲ್ ಅಲುಗದ ಹಾಗೆ.

ಹೋಗುವಾಗ ಹಾರಿಕೊಂಡು ಹೋದಂತಿತ್ತು. ಗಾಳಿ ಬೆನ್ನಿಗಿದೆಯೆಂದು ತಿಳಿದದ್ದು ಮರಳಿ ತಿರುಗಿದ ಮೇಲೆ. ಬೆನ್ನಿಗಿರುವ ಗಾಳಿ ಅರಿವಿಗೇ ಬರುವುದಿಲ್ಲ, ನಮ್ಮ ಕಾಲಿಗೇ ಬಲ ಬಂದಂತೆ ಅನಿಸುತ್ತದೆ. ಗಾಳಿಯ ತಡೆ ವೇಗದ ವರ್ಗದಂತೆ ಏರುವಂಥದ್ದು. ಗಾಳಿಯಿಲ್ಲದ ದಿನ ಗಂಟೆಗೆ 16 ಕಿ.ಮೀ. ಹೋಗುವವರಿಗೆ ಅಷ್ಟೇ ವೇಗದ ಎದುರು ಗಾಳಿ ಬೀಸಿದರೆ, ಅದೇ ವೇಗದಲ್ಲಿ ಸಾಗುವಾಗ ಮೈಗೆ ಬಡಿಯುವ ಗಾಳಿಯ ವೇಗ ಎರಡು ಪಟ್ಟು, ಅದರ ತಡೆ ನಾಲ್ಕು ಪಟ್ಟು. ಒಬ್ಬರ ಹಿಂದೆ ಒಬ್ಬರು ಬಂದೆವು. ನಾನು ಮುಂದೆ, ಅವಳು ಒಂದು ಸೈಕಲ್ಲಿನಷ್ಟು ಅಂತರ ಬಿಟ್ಟು ನನ್ನ ಮರೆಯಲ್ಲಿ. ಹಿಂದಿರುವವರು ಮುಂದಿನ ಚಕ್ರವನ್ನೇ ದಿಟ್ಟಿಸಬಾರದು, ಮುಂದಿನವರ ಭುಜದಾಚೆಯ ರಸ್ತೆ ನೋಡಬೇಕು. ಕೊನೆಯ ನಾಲ್ಕು ಕಿ.ಮೀ. ನನ್ನ ಉಸಿರು ಕೇಳಿ ಅವಳೇ ಮುಂದೆ ಬಂದಳು. ಅವಳು ಪುಟ್ಟಗಿದ್ದಾಳೆ, ಮರೆಯೂ ಪುಟ್ಟದು. ಆದರೂ ಅಷ್ಟು ಹೊತ್ತು ನನಗೆ ಎಷ್ಟು ಹಗುರವಾಗಿತ್ತೆಂದರೆ ಕಣ್ಣು ತುಂಬಿ ಬಂತು. ಒಟ್ಟು 24 ಕಿ.ಮೀ. ಮೊದಲು ಎದುರು ಗಾಳಿಗೆ ಹೋಗಿ, ದಣಿದ ಮೇಲೆ ಗಾಳಿಯೊಡನೆ ಬರಬೇಕು ಎಂದು ಅವಳೇ ಭೂಪಟದ ಅಂಚಿನಲ್ಲಿ ಬರೆದಳು.

ಎರಡನೆಯ ದಿನ

ಕಾಲುವೆ ಏರಿಯ ಮೇಲಿನ ಜಲ್ಲಿ ದಾರಿ. ಏರಿ ಹತ್ತಿದ ಕೂಡಲೇ ಇಬ್ಬರ ಟೈರಿನ ಗಾಳಿಯನ್ನೂ ಇಳಿಸಿದೆ. ನಮ್ಮದು 42 ಮಿ.ಮೀ. ಅಗಲದ ಟೈರು. ಡಾಂಬರಿನ ಮೇಲೆ ಗಾಳಿಯ ಒತ್ತಡ 45 ಪಿಎಸ್‌ಐ (ಚದರ ಇಂಚಿಗೆ ಇಷ್ಟು ಪೌಂಡ್ ಎಂಬ ಲೆಕ್ಕ) ಇದ್ದದ್ದನ್ನು 32ಕ್ಕೆ ತಂದೆ. ಗಾಳಿ ಗಟ್ಟಿ ಇದ್ದಷ್ಟೂ ಸೈಕಲ್ಲು ಹಗುರ ಎಂದು ಅವಳು ನಂಬಿದ್ದಳು, ನಾನೂ ಅನೇಕ ವರ್ಷ ಹಾಗೆಯೇ ನಂಬಿದ್ದೆ. ನುಣುಪು ರಸ್ತೆಯಲ್ಲಿ ಒಂದು ಮಿತಿಯವರೆಗೆ ಅದು ನಿಜ. ಜಲ್ಲಿಯ ಮೇಲೆ ಗಟ್ಟಿ ಟೈರು ಪ್ರತಿ ಕಲ್ಲಿಗೂ ಸವಾರರನ್ನೇ ಎತ್ತಿ ಕುಕ್ಕುತ್ತದೆ, ಮುಂದಕ್ಕೆ ಹೋಗಬೇಕಾದ ಶಕ್ತಿ ಮೇಲಕ್ಕೆ ಹೋಗುತ್ತದೆ. ಮೆತ್ತಗಿನ ಟೈರು ಕಲ್ಲನ್ನು ತನ್ನೊಳಗೆ ನುಂಗಿಕೊಂಡು ಸಾಗುತ್ತದೆ. ತೀರಾ ಮೆತ್ತಗಾದರೂ ಕಷ್ಟ. ಚೂಪು ಕಲ್ಲಿಗೆ ತಾಗಿದಾಗ ರಿಮ್ಮು ಟ್ಯೂಬನ್ನು ಕಚ್ಚಿ, ಹಾವು ಕಚ್ಚಿದಂತೆ ಪಕ್ಕಪಕ್ಕದಲ್ಲಿ ಎರಡು ತೂತು ಬೀಳುತ್ತದೆ. ಹೆಬ್ಬೆರಳಿನಿಂದ ಒತ್ತಿ ನೋಡಲು ಅವಳಿಗೆ ಹೇಳಿದೆ. "ಇಷ್ಟು ಬಗ್ಗಬೇಕು, ಇದಕ್ಕಿಂತ ಹೆಚ್ಚು ಬೇಡ." ಆ ಒತ್ತು ಅವಳ ಬೆರಳಿಗೆ ಗೊತ್ತಾಗಲಿ ಎಂದು ನಾಲ್ಕೂ ಚಕ್ರವನ್ನು ಮುಟ್ಟಿಸಿದೆ.

ಎಂಟು ಕಿ.ಮೀ. ಆಗುವಾಗ ಅವಳ ಹಿಂದಿನ ಚಕ್ರ ಕೂತುಹೋಯಿತು. ಮುಳ್ಳು. ಸೈಕಲ್ಲನ್ನು ತಲೆಕೆಳಗಾಗಿ ನಿಲ್ಲಿಸಿ ಚಕ್ರ ಬಿಚ್ಚುವಷ್ಟರಲ್ಲಿ, ದೊಡ್ಡ ಚಕ್ರದ ಹಳೇ ಸೈಕಲ್ಲಿನ ಮೇಲೆ ಹುಲ್ಲಿನ ಹೊರೆ ಕಟ್ಟಿಕೊಂಡು ತಳ್ಳುತ್ತಾ ಬಂದ ಹಿರಿಯರೊಬ್ಬರು ನಿಂತರು. ಏನೂ ಕೇಳದೆ ತಮ್ಮ ಸೈಕಲ್ಲನ್ನು ಸ್ಟ್ಯಾಂಡ್ ಹಾಕಿ ಪಕ್ಕದಲ್ಲೇ ಕುಕ್ಕರಗಾಲಿನಲ್ಲಿ ಕೂತರು.

ಟ್ಯೂಬಿಗೆ ಗಾಳಿ ಹೊಡೆದು ಕಾಲುವೆಯ ನೀರಿನಲ್ಲಿ ಅದ್ದಿ ಸುತ್ತಿಸಿದಾಗ ಗುಳ್ಳೆ ಎದ್ದವು. ಒರೆಸಿ, ಉಜ್ಜುಕಾಗದದಿಂದ ತಿಕ್ಕಿ, ಸಲ್ಯೂಷನ್ ಹಚ್ಚಿದೆ. ಅವಳು ಪ್ಯಾಚು ಹಿಡಿದು ಒತ್ತಲು ಕೈ ಚಾಚಿದಳು.

"ಆರಲಿ ಬಿಡವ್ವಾ, ಅವಸರ ಮಾಡಿದ್ರೆ ಹಿಡಿಯಾಕಿಲ್ಲ," ಎಂದರು ಹಿರಿಯರು. ಬೆರಳಿನ ಹಿಂಬದಿಯಿಂದ ಮೆಲ್ಲಗೆ ಮುಟ್ಟಿ, ಇನ್ನೂ ಅಂಟುತ್ತದೆ ಎಂದು ತಲೆ ಅಲ್ಲಾಡಿಸಿದರು. ಅವರ ಮಾತು ನೂರಕ್ಕೆ ನೂರು ಸರಿ. ಸಲ್ಯೂಷನ್ ಗೋಂದಿನಂತಲ್ಲ. ಅದರಲ್ಲಿರುವ ದ್ರಾವಕ ಆರಿಹೋದ ಮೇಲೆಯೇ ಪ್ಯಾಚಿನ ರಬ್ಬರು ಟ್ಯೂಬಿನ ರಬ್ಬರಿನೊಂದಿಗೆ ಬೆಸೆಯುವುದು. ಹಸಿಯಿರುವಾಗ ಒತ್ತಿದ ಪ್ಯಾಚು ಎರಡು ಕಿಲೋಮೀಟರಿಗೇ ಏಳುತ್ತದೆ.

ಆರುವ ತನಕ ಅವರು ಟೈರಿನ ಒಳಮೈಯಲ್ಲಿ ಹೆಬ್ಬೆರಳು ಆಡಿಸುತ್ತಾ ಬಂದರು. ನಾನು ಆಗಲೇ ಒಂದು ಮುಳ್ಳು ತೆಗೆದಾಗಿತ್ತು.

"ಒಂದು ಸಿಕ್ತು ಅಂತ ನಿಲ್ಲಿಸಬಾರದು ತಾಯಿ. ಪೂರ್ತಿ ಸುತ್ತು ನೋಡಬೇಕು." ಅವರ ಬೆರಳು ನಿಂತಿತು. ಎರಡನೆಯ ಮುಳ್ಳಿನ ಮೊನೆ, ಕಣ್ಣಿಗೆ ಕಾಣದಷ್ಟು. ಅದನ್ನು ಬಿಟ್ಟಿದ್ದರೆ ಮತ್ತೆ ಮೈಲಿಯೊಳಗೇ ಕೂರಬೇಕಿತ್ತು.

"ನಿಮ್ಮ ಸೈಕಲ್ಲಿಗೆ ಎಷ್ಟು ವರ್ಷ ತಾತಾ?" ಎಂದು ಇವಳು ಕೇಳಿದಳು.

"ನಿಮ್ಮ ಚಿಕ್ಕಮ್ಮನಷ್ಟು ಆಗಿರಬೇಕು ನೋಡು," ಎಂದರು. ತಂತಿಯ ಬದಲು ಕಂಬಿಯಿಂದ ಎಳೆಯುವ ಬ್ರೇಕು, ನಡುವೆ ಒಂದೂ ಸಡಿಲ ಕಡ್ಡಿಯಿಲ್ಲದ ಚಕ್ರ. ತಿರುಗಿಸಿದರೆ ಎಳ್ಳಷ್ಟೂ ಔಟ್ ಇರಲಿಲ್ಲ. ಹೊರೆಯ ಭಾರದಲ್ಲೂ ಅಷ್ಟು ನೇರ ಓಡುವ ಚಕ್ರವನ್ನು ನಾನು ನೋಡಿದ್ದು ಕಡಿಮೆ. ಪ್ರತಿ ವಾರ ಕಡ್ಡಿಗಳನ್ನು ಬೆರಳಿನಿಂದ ಮೀಟಿ, ಸದ್ದು ಕೇಳಿ, ಬೇರೆ ಸದ್ದು ಬಂದದ್ದನ್ನು ಬಿಗಿ ಮಾಡುತ್ತಾರಂತೆ. ಅವತ್ತು ಕಲಿತ ಅತಿ ದೊಡ್ಡ ವಿದ್ಯೆ ಅದು.

ಮರಳುವ ದಾರಿಯಲ್ಲಿ ಅವಳಿಗೆ ಟೈರಿಗೆ ಗಾಳಿ ತುಂಬುವ ಯೋಚನೆ ಮೊದಲು ಯಾರಿಗೆ ಬಂತು ಎಂಬ ಪ್ರಶ್ನೆ. 1845ರಲ್ಲೇ ರಾಬರ್ಟ್ ವಿಲಿಯಂ ಥಾಮ್ಸನ್ ಎಂಬಾತ ಗಾಳಿಟೈರಿಗೆ ಪೇಟೆಂಟ್ ಪಡೆದಿದ್ದ, ಆದರೆ ಸೈಕಲ್ಲೇ ಇನ್ನೂ ಜನರ ಕೈಗೆ ಬಾರದ ಕಾಲ ಅದು, ಜಗತ್ತು ಮರೆತುಬಿಟ್ಟಿತು. 1888ರಲ್ಲಿ ಬೆಲ್‌ಫಾಸ್ಟಿನ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ತನ್ನ ಮಗನ ಮೂರು ಚಕ್ರದ ಸೈಕಲ್ಲಿಗಾಗಿ ಅದನ್ನು ಹೊಸದಾಗಿ ಕಂಡುಕೊಂಡ. ಆಮೇಲೆ ಥಾಮ್ಸನ್ ಹೆಸರು ಬೆಳಕಿಗೆ ಬಂದು ಡನ್‌ಲಪ್‌ನ ಪೇಟೆಂಟ್ ನಿಲ್ಲಲಿಲ್ಲ. ಮಗುವಿನ ಬೆನ್ನಿಗೆ ರಸ್ತೆ ಕುಕ್ಕದಿರಲಿ ಎಂದು ಹುಟ್ಟಿದ್ದು ಈ ಟೈರು ಎಂದಾಗ ಇವಳು ಏನೂ ಹೇಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, ನಿಲ್ಲಿಸಿದಾಗ, ಮತ್ತೆ ಒಮ್ಮೆ ಹೆಬ್ಬೆರಳಿನಿಂದ ಒತ್ತಿ ನೋಡಿದಳು. 19 ಕಿ.ಮೀ.

ಮೂರನೆಯ ದಿನ

ರಾತ್ರಿಯಿಂದಲೇ ಮಳೆ. ಮಧ್ಯಾಹ್ನದವರೆಗೂ ಬಿಡಲಿಲ್ಲ.

ಜಗುಲಿಯಲ್ಲಿ ಹಳೇ ಬಟ್ಟೆ ಹಾಸಿ ಚೈನುಗಳನ್ನು ಒರೆಸಿದೆವು. ಚೈನಿನ ಎರಡು ಪಿನ್ನುಗಳ ನಡುವಿನ ಅಂತರ 12.7 ಮಿ.ಮೀ., ಅಂದರೆ ಸರಿಯಾಗಿ ಅರ್ಧ ಇಂಚು. ಎಲ್ಲೇ ತಯಾರಾದ ಸೈಕಲ್ಲಾದರೂ ಹೆಚ್ಚುಕಡಿಮೆ ಇದೇ ಅಳತೆ. ಇಪ್ಪತ್ನಾಲ್ಕು ಕೊಂಡಿ ಹನ್ನೆರಡು ಇಂಚು ಇರಬೇಕು. ಸ್ಕೇಲಿಟ್ಟು ನೋಡಿದಾಗ ನನ್ನದು ಇಂಚಿನ ಹದಿನಾರನೇ ಒಂದು ಭಾಗ ಉದ್ದವಾಗಿತ್ತು. ಚೈನು ಹಿಗ್ಗಿತು ಎನ್ನುತ್ತೇವೆ, ನಿಜವಾಗಿ ಲೋಹ ಹಿಗ್ಗುವುದಿಲ್ಲ, ಪಿನ್ನುಗಳು ಸವೆದು ಸಡಿಲವಾಗುತ್ತವೆ. ಹಾಗೆಯೇ ಬಿಟ್ಟರೆ ಹಲ್ಲುಚಕ್ರಗಳನ್ನೂ ಸವೆಸುತ್ತದೆ. ಬದಲಿಸುವ ಹೊತ್ತು ಬಂದಿದೆ. ಎಣ್ಣೆ ಹಾಕಿದ ಮೇಲೆ ಹೊರಗಿನದನ್ನು ಪೂರ್ತಿ ಒರೆಸಿ ತೆಗೆದೆವು. ಎಣ್ಣೆ ಬೇಕಿರುವುದು ಕೊಂಡಿಯ ಒಳಗೆ. ಹೊರಗೆ ಉಳಿದದ್ದು ಧೂಳು ಹಿಡಿದು ಅರದಂತೆ ಉಜ್ಜುತ್ತದೆ.

ಅವಳು ಭೂಪಟ ಬಿಡಿಸಿ ಕೂತಿದ್ದಳು. ಎರಡು ದಿನದ ಎರಡು ಕೆಂಪು ಗೆರೆ. ಉಳಿದದ್ದೆಲ್ಲ ಖಾಲಿ.

"ಸೈಕಲ್ಲಿನ ಮೊಟ್ಟಮೊದಲ ಪ್ರವಾಸಾನೂ ಇಷ್ಟೇ ದೂರ ಗೊತ್ತಾ?" ಎಂದೆ. 1817ರ ಜೂನ್ 12ರಂದು ಕಾರ್ಲ್ ಡ್ರೈಸ್ ತಾನು ಮಾಡಿದ ಎರಡು ಚಕ್ರದ ಮರದ ಗಾಡಿಯ ಮೇಲೆ ಕೂತು, ಜರ್ಮನಿಯ ಮಾನ್‌ಹೈಮ್‌ನಿಂದ ಹೊರಟು ಕೆಲವೇ ಕಿಲೋಮೀಟರ್ ಹೋಗಿ ಮರಳಿ ಬಂದ. ಪೆಡಲಿಲ್ಲ, ಚೈನಿಲ್ಲ, ನೆಲವನ್ನು ಕಾಲಿನಿಂದ ಒದೆಯುತ್ತಾ ಹೋಗುವುದು.

"ಮನೆಗೇ ವಾಪಸ್ ಬಂದನಾ?"

"ಮನೆಗೇ."

ಅವಳು ಪೆನ್ಸಿಲ್ ತೆಗೆದುಕೊಂಡು ಭೂಪಟದಲ್ಲಿ ಏನೋ ಗುರುತು ಹಾಕಿದಳು. ನಾನು ಕೇಳಲಿಲ್ಲ.

ನಾಲ್ಕನೆಯ ದಿನ

ಈ ದಿನಕ್ಕೆ ಕುರುಚಲು ಕಾಡಿನ ಕಾಲುದಾರಿ ಎಂದು ಬರೆದಿತ್ತು. ಅದನ್ನು ಮುಂದಕ್ಕೆ ಹಾಕಿದೆ. ಒದ್ದೆ ಮಣ್ಣಿನ ಮೇಲೆ ಚಕ್ರ ಹೋದರೆ ಕೊರಕಲು ಬೀಳುತ್ತದೆ, ಮುಂದಿನ ಮಳೆಯ ನೀರು ಅದೇ ಕೊರಕಲಲ್ಲಿ ಹರಿದು ದಾರಿಯನ್ನೇ ಕೊಚ್ಚುತ್ತದೆ. ನಮಗೆ ಅದು ಒಂದು ದಿನದ ಖುಷಿ, ದಿನವೂ ಅಲ್ಲಿ ನಡೆಯುವವರಿಗೆ ಅದೇ ದಾರಿ. ಒಣಗಲು ಒಂದು ದಿನ ಕೊಡುವುದು ನಮ್ಮ ಹೊಣೆ. ಹಾಗಾಗಿ ಗುಡ್ಡದ ಡಾಂಬರು ರಸ್ತೆಗೆ ಹೋದೆವು.

ಎರಡು ಕಿ.ಮೀ. ಏರು. ನೂರು ಮೀಟರ್ ಮುಂದಕ್ಕೆ ಹೋದರೆ ಏಳು ಮೀಟರ್ ಮೇಲಕ್ಕೆ. ಬುಡದಲ್ಲೇ ಅವಳು ಜೋರಾಗಿ ತುಳಿದು ಮುನ್ನೂರು ಮೀಟರಿಗೆ ಸೋತು ನಿಂತಳು. ಗೇರು ಇಳಿಸಿದ್ದು ತಡವಾಗಿತ್ತು. ಕಾಲಿನ ಮೇಲೆ ಪೂರ್ತಿ ಭಾರ ಬಿದ್ದ ಮೇಲೆ ಬದಲಿಸಿದರೆ ಚೈನು ಕಟಕಟ ಎನ್ನುತ್ತದೆ, ಏರು ಕಾಣುವಾಗಲೇ ಬದಲಿಸಬೇಕು. ಅವಳ ಸೈಕಲ್ಲಿನ ಮುಂದಿನ ಹಲ್ಲುಚಕ್ರಕ್ಕೆ 32 ಹಲ್ಲು, ಹಿಂದಿನವುಗಳಲ್ಲಿ ಅತಿ ದೊಡ್ಡದಕ್ಕೆ 34. ಆ ಗೇರಿನಲ್ಲಿ ಪೆಡಲು ಒಂದು ಸುತ್ತು ತಿರುಗಿದರೆ ಸೈಕಲ್ಲು ಹೋಗುವುದು ಸುಮಾರು ಎರಡು ಮೀಟರ್. ಅತಿ ಚಿಕ್ಕ 11 ಹಲ್ಲಿಗೆ ಹಾಕಿದರೆ ಆರೂವರೆ ಮೀಟರ್. ಏರುವ ಒಟ್ಟು ಕೆಲಸ ಎರಡರಲ್ಲೂ ಅಷ್ಟೇ. ಅದನ್ನು ಚಿಕ್ಕ ಚಿಕ್ಕ ತುತ್ತು ಮಾಡಿಕೊಡುವುದು ಗೇರಿನ ಉಪಕಾರ. ಉಸಿರಾಡುತ್ತಾ ಮಾತಾಡಲು ಆಗುವಷ್ಟು ವೇಗದಲ್ಲಿ ಏರಿದರೆ ಏರು ಎಷ್ಟು ಉದ್ದವಿದ್ದರೂ ಮುಗಿಯುತ್ತದೆ.

ಗೇರು ಇಳಿಸುವುದೆಂದರೆ ಸೋಲು ಎಂದು ಅವಳ ಮನಸ್ಸಿನಲ್ಲಿ ಎಲ್ಲೋ ಕೂತಿತ್ತು. ಇದು ಅವಳೊಬ್ಬಳ ನಂಬಿಕೆಯಲ್ಲ. ತುಳಿಯುತ್ತಲೇ ಬದಲಿಸಬಲ್ಲ ಗೇರುಗಳು ಬಂದು ಎಷ್ಟೋ ಕಾಲವಾದರೂ ಟೂರ್ ಡಿ ಫ್ರಾನ್ಸ್ ಸ್ಪರ್ಧೆಯಲ್ಲಿ ಅವುಗಳಿಗೆ ಅನುಮತಿ ಸಿಕ್ಕಿದ್ದು 1937ರಲ್ಲಿ. ಅದಕ್ಕೂ ದಶಕಗಳ ಮುಂಚೆ, ಫ್ರಾನ್ಸಿನ ಸೇಂಟ್ ಎಟಿಯೆನ್‌ನಲ್ಲಿ ಪೌಲ್ ದ ವೀವಿ ಎಂಬವರು ಗೇರುಗಳಿಗಾಗಿ ವಾದಿಸುತ್ತಾ, ಸುತ್ತಲಿನ ಗುಡ್ಡಗಳನ್ನು ಹತ್ತಿ ತೋರಿಸುತ್ತಾ ಬದುಕಿದ್ದರು. ಬಾಯಾರುವ ಮುಂಚೆ ಕುಡಿಯಬೇಕು, ಬರೀ ಬಿಂಕಕ್ಕಾಗಿ ತುಳಿಯಬಾರದು ಎಂಬುದೂ ಅವರದೇ ಬುದ್ಧಿಮಾತು. ನೀರು ಕುಡಿದು ಮತ್ತೆ ಹತ್ತಿದೆವು. ಕೊನೆಯ ತಿರುವಿನಲ್ಲಿ ನಾನು ಇಳಿದು ತಳ್ಳಿದೆ, ಅವಳು ತುಳಿದುಕೊಂಡೇ ಹೋಗಿ ಮೇಲೆ ನಿಂತು ಕಾದಳು.

ಮೇಲಿನಿಂದ ನಮ್ಮ ವೃತ್ತದ ಅರ್ಧ ಕಾಣುತ್ತಿತ್ತು. ಕಾಲುವೆ ಒಂದು ಬೆಳ್ಳಿ ಗೆರೆ. ಎಲ್ಲಿ ಪಂಕ್ಚರ್ ಆಗಿತ್ತೋ ಅದನ್ನು ಅವಳು ಬೆರಳಿಟ್ಟು ತೋರಿಸಿದಳು.

ಇಳಿಯುವಾಗ ನನಗೆ ಭಯವಿತ್ತು, ಅವಳಿಗಾಗಿ. ಬ್ರೇಕು ತಿರುವಿನ ಮುಂಚೆ, ತಿರುವಿನಲ್ಲಿ ಅಲ್ಲ. ಎರಡೂ ಬ್ರೇಕು ಒಟ್ಟಿಗೆ, ಮೈ ಹಿಂದಕ್ಕೆ. ನಿಲ್ಲಿಸುವ ಬಲ ಹೆಚ್ಚಿರುವುದು ಮುಂದಿನ ಬ್ರೇಕಿಗೆ, ಏಕೆಂದರೆ ಬ್ರೇಕು ಹಿಡಿದಾಗ ಭಾರವೆಲ್ಲ ಮುಂದಿನ ಚಕ್ರಕ್ಕೆ ಬರುತ್ತದೆ. ಹಾಗೆಂದು ಗಪ್ಪನೆ ಹಿಡಿದರೆ ಹಿಂದಿನ ಚಕ್ರ ಏಳುತ್ತದೆ. ಹಿಡಿ, ಬಿಡು, ಹಿಡಿ, ಬಿಡು ಎನ್ನುತ್ತಾ ಮುಂದೆ ಹೋದೆ. ಬುಡಕ್ಕೆ ಬಂದಾಗ ಅವಳ ಬೆರಳುಗಳು ನೋಯುತ್ತಿದ್ದವು, ಕಣ್ಣು ಹೊಳೆಯುತ್ತಿದ್ದವು. 28 ಕಿ.ಮೀ.

ಐದನೆಯ ದಿನ

ಕಾಡಿನ ದಾರಿ ಒಣಗಿತ್ತು. ಒತ್ತಿದರೆ ಬೆರಳಚ್ಚು ಬೀಳುವ, ಆದರೆ ಕೈಗೆ ಅಂಟದ ಮಣ್ಣು. ಇದಕ್ಕಿಂತ ಒಳ್ಳೆಯ ನೆಲ ಸೈಕಲ್ಲಿಗೆ ಇಲ್ಲ.

ನಾನು ಬಾಯಿ ತೆರೆಯುವ ಮುಂಚೆಯೇ ಅವಳು ಕೂತು ಎರಡೂ ಚಕ್ರದ ಗಾಳಿ ಇಳಿಸುತ್ತಿದ್ದಳು, ಹೆಬ್ಬೆರಳಿನಿಂದ ಒತ್ತಿ ಒತ್ತಿ ನೋಡುತ್ತಾ. ಗೇಜು ಹಿಡಿದು ನೋಡಿದೆ. 31. ಗೇಜನ್ನು ಚೀಲಕ್ಕೆ ಹಾಕಿಬಿಟ್ಟೆ.

ಬೇರುಗಳ ಮೇಲೆ ಪೆಡಲುಗಳನ್ನು ಸಮಕ್ಕೆ ತಂದು, ಸೀಟಿನಿಂದ ಎದ್ದು, ಮೊಣಕೈ ಮೊಣಕಾಲು ಸಡಿಲ ಬಿಡಬೇಕು. ಆಗ ಸೈಕಲ್ಲು ಕೆಳಗೆ ಕುಣಿಯುತ್ತಿದ್ದರೂ ಮೈ ಒಂದೇ ಮಟ್ಟದಲ್ಲಿ ತೇಲುತ್ತದೆ. ಕಣ್ಣು ಹೋದ ಕಡೆ ಚಕ್ರ ಹೋಗುತ್ತದೆ: ಕಲ್ಲನ್ನು ನೋಡಿದರೆ ಕಲ್ಲಿಗೇ, ಕಲ್ಲಿನ ಪಕ್ಕದ ಸಂದು ನೋಡಿದರೆ ಸಂದಿಗೆ. ಕಾಡಿನ ದಾರಿಯ ಸವಾರಿಯ ಮುಕ್ಕಾಲು ಪಾಲು ಇಷ್ಟೇ. ಎದುರಿಗೆ ಸೌದೆ ಹೊತ್ತ ಹೆಂಗಸರು ಬಂದರು. ಇಬ್ಬರೂ ಇಳಿದು, ಸೈಕಲ್ಲನ್ನು ಪೊದೆಯ ಕಡೆಗೆ ಒರಗಿಸಿ, ಅವರು ದಾಟುವ ತನಕ ನಿಂತೆವು. ತಲೆಯ ಮೇಲೆ ಹೊರೆ ಇರುವವರು ಪಕ್ಕಕ್ಕೆ ಸರಿಯಬೇಕಾಗಿ ಬರಬಾರದು.

ಆರನೆಯ ಕಿ.ಮೀ.ನಲ್ಲಿ ನಾನು ಬಿದ್ದೆ. ತಿರುವಿನಲ್ಲಿ ಮಳೆ ತಂದು ಸುರಿದಿದ್ದ ಮರಳು. ನಿನ್ನೆಯೆಲ್ಲ ಅವಳಿಗೆ ಬೇಡವೆಂದು ಹೇಳಿದ್ದನ್ನೇ ಮಾಡಿದೆ, ತಿರುವಿನ ಒಳಗೆ ಮುಂದಿನ ಬ್ರೇಕು ಹಿಡಿದೆ. ಚಕ್ರ ಜಾರಿತು, ಮೊಣಕೈ ನೆಲಕ್ಕೆ ಉಜ್ಜಿತು.

"ಚಿಕ್ಕಮ್ಮಾ! ಏಳಬೇಡ, ಹಾಗೇ ಇರು. ಕೈ ಮಡಚು. ಬೆರಳು ಆಡಿಸು." ಅವಳ ದನಿ ನಡುಗುತ್ತಿತ್ತು, ಕೈ ಮಾತ್ರ ನಡುಗುತ್ತಿರಲಿಲ್ಲ. ನೀರು ಸುರಿದು ಮಣ್ಣು ತೊಳೆದು, ಬಟ್ಟೆ ಕಟ್ಟಿದಳು. ಆಮೇಲೆ ನನ್ನ ಸೈಕಲ್ಲನ್ನು ಎತ್ತಿ, ಮುಂದಿನ ಚಕ್ರವನ್ನು ಕಾಲುಗಳ ನಡುವೆ ಹಿಡಿದು ಹ್ಯಾಂಡಲ್ ನೇರ ಮಾಡಿ, ಚಕ್ರ ತಿರುಗಿಸಿ, ಕಡ್ಡಿಗಳನ್ನು ಒಂದೊಂದಾಗಿ ಮೀಟುತ್ತಾ ಕಿವಿ ಕೊಟ್ಟಳು. "ಎಲ್ಲಾ ಒಂದೇ ಸದ್ದು," ಎಂದಳು.

ಮರಳನ್ನು ದಾಟುವುದನ್ನು ನಡೆದು ನೋಡಿಕೊಂಡು, ಮತ್ತೊಮ್ಮೆ ಹಿಂದಕ್ಕೆ ಹೋಗಿ ಇಬ್ಬರೂ ಅದೇ ತಿರುವನ್ನು ದಾಟಿದೆವು. ಬಿದ್ದ ಜಾಗವನ್ನು ಭಯದೊಡನೆ ಬಿಟ್ಟು ಬರಲು ನನಗೆ ಇಷ್ಟವಿರಲಿಲ್ಲ.

ಕಾಡು ಮುಗಿದು ಹಳೇ ರಸ್ತೆಗೆ ಬಂದಾಗ ಸಂಜೆ. ಗಾಳಿ ಬೆನ್ನಿಗಿತ್ತು, ಇವತ್ತು ಅದನ್ನು ನೋಡಿಯೇ ದಾರಿ ಹಾಕಿದ್ದೆವು. ಎರಡು ನಿಲುಗಲ್ಲುಗಳು ದೂರದಲ್ಲಿ ಕಂಡವು. ಅವಳು ಹಿಂದೆ ನೋಡಿ, ಕೈ ತೋರಿಸಿ, ನಿಂತಳು. ಚೀಲದಿಂದ ಭೂಪಟ ತೆಗೆದಳು. ಮೂರನೆಯ ದಿನ ಅವಳು ಪೆನ್ಸಿಲ್ಲಿನಿಂದ ಹಾಕಿದ್ದ ಗುರುತು ಇಲ್ಲಿಯದೇ. ಎರಡು ಚುಕ್ಕಿ, ನಡುವೆ ಒಂದು ಪ್ರಶ್ನಾರ್ಥಕ.

"ಇನ್ನೂ ಮುಕ್ಕಾಲು ಗಂಟೆ ಬೆಳಕಿದೆ ಚಿಕ್ಕಮ್ಮಾ. ಇಪ್ಪತ್ತು ನಿಮಿಷ ಹೋಗೋದು, ಇಪ್ಪತ್ತು ನಿಮಿಷ ಬರೋದು. ನಿನ್ನ ಕೈ ನೋಯ್ತಿದ್ರೆ ಬೇಡ."

ಕೈ ಮಡಚಿ ನೋಡಿದೆ. ಬೆರಳು ಆಡಿಸಿದೆ. ದೀಪ ಇದೆಯಾ ಎಂದು ಕೇಳಿದೆ. ಅವಳು ಹ್ಯಾಂಡಲ್ಲಿನ ದೀಪ ಹಚ್ಚಿ ಆರಿಸಿ ತೋರಿಸಿದಳು.

"ನೀನು ಮುಂದೆ ಹೋಗು," ಎಂದೆ.